ಮೂವತ್ತು ಎಣಿಸುವ ತನಕ

ಇಪ್ಪತ್ತೆರಡು ವರ್ಷಗಳ ಹಿಂದಿನ ಸೈರನ್ನು ಹೊಳೆಹಟ್ಟಿಯ ಪುರಭವನದಲ್ಲಿ ಕೂಗಿತು. ಮೊದಲು ಕೇಳಿಸಿದ್ದು ಅಂಗನವಾಡಿ ಮಕ್ಕಳ ಹಾಡು. ಹಾಡಿನ ಬೆನ್ನ ಹಿಂದೆ ಸೈರನ್ ಸಣ್ಣಗೆ ಎದ್ದು, ಏರಿ, ಕೊನೆಗೆ ಹಾಡನ್ನೇ ನುಂಗಿತು. ಕಟ್ಟಕಡೆಗೆ ಒಂದು ಮಗು ಚೀರಿದ್ದು ಕೇಳಿಸಿ ದನಿ ನಿಂತುಹೋಯಿತು. ಸಭೆಯಲ್ಲಿದ್ದ ಇನ್ನೂರು ಜನರಲ್ಲಿ ಅರ್ಧದಷ್ಟು ಜನ ಅಳುತ್ತಿದ್ದರು.

ಮುಂದಿನ ಸಾಲಿನಿಂದ ಅರವತ್ತಾರು ವರ್ಷದ ಶಶಿಕಲಾ ಹೂಗಾರ ಎದ್ದು ನಿಂತರು.

"ಇಲ್ರೀ, ಅವತ್ತು ಸೈರನ್ ಕೂಗಿಲ್ಲ," ಎಂದರು. "ನಾ ಅಲ್ಲೇ ಇದ್ದೆ. ಕೂಗೇ ಇಲ್ಲ."

ಹಿಂದಿನಿಂದ ಒಬ್ಬ ಗದರಿದ: "ಇನ್ನೂ ಎಷ್ಟ ಸುಳ್ಳ ಹೇಳ್ತೀಯಬೇ? ಎಲ್ಲಾರೂ ಕಿವಿಯಾರೆ ಕೇಳಿದ್ವಲ್ಲ!"

ಕೇಳಿದ್ದು ಹೌದು. ಕೇಳಿಸಿದ್ದು 'ಪೂರಕ' ಎಂಬ ತಂತ್ರಾಂಶ. ಡಾ. ಶ್ರೀಪಾದ ಗಲಗಲಿ ಎಂಬ ವಿಜ್ಞಾನಿ ಹತ್ತು ವರ್ಷ ದುಡಿದು ಕಟ್ಟಿದ್ದು. ಧ್ವನಿಮುದ್ರಣವೆಂದರೆ ಸೆಕೆಂಡಿಗೆ ಸುಮಾರು ನಲವತ್ತೆಂಟು ಸಾವಿರ ಅಂಕಿಗಳ ಸಾಲು. ಮೆಮೊರಿ ಕಾರ್ಡು ಕೆಟ್ಟರೆ, ನೆನೆದರೆ, ಆ ಸಾಲಿನಲ್ಲಿ ತೂತುಗಳು ಬೀಳುತ್ತವೆ. ಕೂದಲೆಳೆಯಷ್ಟು ತೂತನ್ನು ಅಕ್ಕಪಕ್ಕದ ಅಂಕಿ ನೋಡಿ ತುಂಬುವುದು ಹಳೆಯ ವಿದ್ಯೆ. ಪೂರಕ ನಿಮಿಷಗಟ್ಟಲೆ ತೂತನ್ನೂ ತುಂಬುತ್ತಿತ್ತು. ಆ ಊರಿನ ಬೇರೆ ಮುದ್ರಣಗಳನ್ನು ಕೇಳಿ, ಆ ದಿನದ ಕಾಗದಪತ್ರ ಓದಿ, ಅಲ್ಲಿ ಏನು ಸದ್ದು ಇದ್ದಿರಬೇಕೋ ಅದನ್ನು ಹೊಸದಾಗಿ ಹೆಣೆಯುತ್ತಿತ್ತು. ಸತ್ತ ತಾಯಂದಿರ ಅರ್ಧ ಜೋಗುಳಗಳು ಪೂರ್ತಿಯಾಗಿದ್ದವು. ದೇಶದ ಧ್ವನಿ ಭಂಡಾರಗಳೆಲ್ಲ ಎಂಟು ವರ್ಷಗಳಿಂದ ಅದನ್ನೇ ಬಳಸುತ್ತಿದ್ದವು.

ಈಗ ಅದು ಶಶಿಕಲಾ ಹೂಗಾರರ ಕೊರಳಿಗೆ ಉರುಳಾಗಿತ್ತು.

2039ರ ಮಾರ್ಚ್ ಹದಿನೇಳರಂದು ಹೊಳೆಹಟ್ಟಿಯ ಶೀತಲ ಉಗ್ರಾಣದಲ್ಲಿ ಕೊಳವೆ ಒಡೆದು ಅಮೋನಿಯಾ ಸೋರಿತು. ಗೋಡೆಯಾಚೆಗಿದ್ದ ಅಂಗನವಾಡಿಯ ಹತ್ತೊಂಬತ್ತು ಮಕ್ಕಳಲ್ಲಿ ಹನ್ನೊಂದು ಸತ್ತವು. ವಿಷಗಾಳಿ ಅಲ್ಲಿಗೆ ತಲುಪಿದ್ದು ಮೂರು ಇಪ್ಪತ್ತಕ್ಕೆ. ಉಗ್ರಾಣದ ದಾಖಲೆ ಪುಸ್ತಕದಲ್ಲಿ 'ಮೂರು ಐದರಿಂದ ಮೂರು ಹದಿನೈದರವರೆಗೆ ಅಪಾಯದ ಸೈರನ್ ಎಡೆಬಿಡದೆ ಮೊಳಗಿಸಲಾಯಿತು' ಎಂದು ಬರೆದಿತ್ತು. ಅಂದಿನ ತನಿಖಾ ವರದಿ ಅದನ್ನು ಹಾಗೆಯೇ ನಂಬಿ, 'ಸೈರನ್ ಕೇಳಿಯೂ ಅಂಗನವಾಡಿ ಶಿಕ್ಷಕಿಯು ಹಾಡಿನ ಧ್ವನಿಮುದ್ರಣದಲ್ಲಿ ಮಗ್ನರಾಗಿ ಮಕ್ಕಳನ್ನು ಹೊರಗೊಯ್ಯಲಿಲ್ಲ' ಎಂದು ಷರಾ ಬರೆದು ಕೈತೊಳೆದುಕೊಂಡಿತು. ಪುಸ್ತಕ ಬರೆದವರು ಉಗ್ರಾಣದವರು, ತಪ್ಪು ಮಾಡಿದವರೂ ಉಗ್ರಾಣದವರು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ತನಿಖೆ ಅದು.

ಊರಿನವರು ವರದಿ ಓದಲಿಲ್ಲ, ಆದರೆ ಪೂರ್ತಿ ನಂಬಿದರು. ಶಶಿಕಲಾರನ್ನು 'ಮಕ್ಕಳ ತಿಂದಾಕಿ' ಎಂದು ಕರೆದರು. ಮದುವೆ ಮುಂಜಿಗೆ ಯಾರೂ ಕರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆಕೆ ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು, ಸೈರನ್ ಕೂಗಲಿಲ್ಲ ಎಂದು.

ಆ ದಿನ ಅಲ್ಲಿ ಹಾಡು ಮುದ್ರಿಸುತ್ತಿದ್ದವರು ಸಮುದಾಯ ಬಾನುಲಿಯ ದಾವಲಸಾಬ ನದಾಫ. ಮುದ್ರಣ ಮುಗಿಸಿ ಮೂರು ಹನ್ನೆರಡಕ್ಕೆ ಹೊರಟಿದ್ದ ಅವರು ಸುದ್ದಿ ತಿಳಿದು ವಾಪಸು ಓಡಿಬಂದು, ವಿಷಗಾಳಿಯೊಳಗೆ ನುಗ್ಗಿ ನಾಲ್ಕು ಮಕ್ಕಳನ್ನು ಹೊತ್ತು ತಂದರು. ಅಗ್ನಿಶಾಮಕದವರ ನೀರಿನಲ್ಲಿ ಚೀಲ ನೆನೆದು ಕಾರ್ಡು ಹಾಳಾಯಿತು. ಅವರೂ ಸೈರನ್ ಕೂಗಲಿಲ್ಲ ಎಂದೇ ಸಾಕ್ಷಿ ಹೇಳಿದರು. 'ಸಾಕ್ಷಿದಾರರು ಕಿವಿಗೆ ಹೆಡ್‌ಫೋನ್ ಹಾಕಿದ್ದರಿಂದ ಇವರ ಹೇಳಿಕೆ ಪರಿಗಣಿಸಲಾಗದು' ಎಂದಿತು ವರದಿ. ಮೈಕಿಗೆ ಕೇಳಿಸಿದ್ದೆಲ್ಲ ಹೆಡ್‌ಫೋನಿಗೂ ಕೇಳಿಸುತ್ತದೆ ಎಂಬ ಸಾಮಾನ್ಯ ಜ್ಞಾನವೂ ಇರದ ಜನ ಊರಿನ ಹಣೆಬರಹ ಬರೆದಿದ್ದರು. ದಾವಲಸಾಬರು ತೀರಿಕೊಂಡ ಆರು ವರ್ಷಗಳ ನಂತರ ಅವರ ಮಗಳಿಗೆ ತಗಡಿನ ಡಬ್ಬಿಯಲ್ಲಿ ಆ ಕಾರ್ಡು ಸಿಕ್ಕಿತು. ಅದಕ್ಕೇ ಈ ಹೊಸ ಆಯೋಗ.

ಪುರಭವನದ ಮೂಲೆಯಲ್ಲಿ ಧ್ವನಿಯಂತ್ರದ ಮುಂದೆ ಕೂತಿದ್ದವಳು ಜಿಲ್ಲಾ ಧ್ವನಿ ಭಂಡಾರದ ಸಂಕಲನಕಾರ್ತಿ ತನುಜಾ ಬಡಿಗೇರ. ವಯಸ್ಸು ಮೂವತ್ತೆಂಟು. ಇದೇ ಊರಿನವಳು, ನಾಲ್ಕನೆಯ ವಯಸ್ಸಿನಲ್ಲಿ ಶಶಿಕಲಾರ ಅಂಗನವಾಡಿಯಲ್ಲಿ ಕೂತು ಎಣಿಸಲು ಕಲಿತವಳು. ಸೈರನ್ ಏರುತ್ತಿದ್ದಾಗ ಅವಳ ಕಿವಿಗೆ ಒಂದು ಸಣ್ಣ 'ಟಕ್' ಬಿದ್ದಿತು. ದನಿ ಕ್ಷಣಮಾತ್ರ ಮುಗ್ಗರಿಸಿ ಮುಂದೆ ಹೋಯಿತು. ಅದನ್ನು ಆಯೋಗದ ಅಧ್ಯಕ್ಷೆಯೂ ಗಮನಿಸಿದ್ದರು. ಅವರು ನಿವೃತ್ತ ನ್ಯಾಯಾಧೀಶೆ.

"ನಡುವೆ ಏನೋ ತಡವರಿಸಿತಲ್ಲ?" ಎಂದು ಕೇಳಿದರು.

ಗಲಗಲಿ ಎದ್ದು ನಗುತ್ತಲೇ ಹೇಳಿದರು: "ಪ್ಲೇಬ್ಯಾಕ್ ತೊಂದರಿ ಮೇಡಂ. ಭಂಡಾರದ ಕಂಪ್ಯೂಟರ್ ಹಳೇದು ಅದ. ಧ್ವನಿಯೊಳಗ ಏನೂ ದೋಷ ಇಲ್ಲ. ತನುಜಾ ಅವರು ಸರಿ ಮಾಡ್ತಾರ."

ಗುರುವಾರದ ಅಂತಿಮ ವಿಚಾರಣೆಗೆ ಶುದ್ಧ ಪ್ರತಿ ತರಬೇಕೆಂದು ಅಧ್ಯಕ್ಷೆ ಸೂಚಿಸಿದರು. ಜನ ಎದ್ದು ಹೊರಟರು. ಶಶಿಕಲಾ ಮಾತ್ರ ಕೂತಲ್ಲೇ ಇದ್ದರು. ತನುಜಾ ಹತ್ತಿರ ಹೋದಳು.

"ಅಕ್ಕೋರ, ಏಳ್ರಿ. ಮನೀಗೆ ಬಿಡ್ತೀನಿ."

"ತನೂ," ಎಂದರು ಅವರು, ಅವಳ ಕೈ ಹಿಡಿದು. "ನನಗs ಕೇಳಿಸಿರಲಿಕ್ಕಿಲ್ಲೇನವಾ? ಹುಡುಗೂರ ಗದ್ದಲದಾಗ ಕೂಗಿದ್ದು ನನಗs ತಿಳಿಲಿಲ್ಲೇನ? ಇಷ್ಟ ವರ್ಷ ನಾ ಸುಳ್ಳ ಹೇಳಿದ್ನೇನ?"

ತನುಜಾಳ ಮೈ ಉರಿದುಹೋಯಿತು. ಇಡೀ ಊರು ಇಪ್ಪತ್ತೆರಡು ವರ್ಷ ಬೈದು ಅಲುಗಾಡಿಸಲಾಗದ ಹೆಂಗಸನ್ನು ಒಂದು ಯಂತ್ರ ನಾಲ್ಕು ನಿಮಿಷದಲ್ಲಿ ಬೀಳಿಸಿತ್ತು.

ಮರುದಿನ ಬೆಳಗ್ಗೆ ಅವಳು ಭಂಡಾರದ ಬಾಗಿಲು ಹಾಕಿಕೊಂಡು ಆ 'ಟಕ್' ಹಿಂದೆ ಬಿದ್ದಳು. ದನಿ ಸರಿಯಾಗಿ ಹಾಡದಿದ್ದರೆ ನೋಡುವ ಕ್ರಮವೊಂದಿದೆ, ಅವಳಿಗೆ ಕಸುಬು ಕಲಿಸಿದ ದಾವಲಸಾಬರೇ ಹೇಳಿಕೊಟ್ಟದ್ದು: ಹೊರಗಿನಿಂದ ಒಳಗೆ ಬಾ. ಮೊದಲು ತಂತಿ ಬದಲಿಸಿದಳು, ಹೆಡ್‌ಫೋನ್ ಬದಲಿಸಿದಳು. ದನಿ ಯಾವ ಸ್ಪೀಕರಿಗೆ ಹೋಗುತ್ತಿದೆ ಎಂದು ನೋಡಿದಳು. ಕಡತದ ಅಂಕಿಯ ವೇಗವೂ ಯಂತ್ರದ ವೇಗವೂ ಹೊಂದುತ್ತವೆಯೇ ಎಂದು ಪರೀಕ್ಷಿಸಿದಳು. ಅವು ಹೊಂದದಿದ್ದರೆ ದನಿ ಎಳೆಯುತ್ತದೆ ಇಲ್ಲವೆ ಚೀರುತ್ತದೆ. ಎರಡೂ ನಲವತ್ತೆಂಟು ಸಾವಿರವೇ ಇದ್ದವು. ಆಮೇಲೆ ಬಫರ್. ಹಾಡುವ ಮುನ್ನ ದನಿಯನ್ನು ಒಂದಿಷ್ಟು ತುಂಬಿಟ್ಟುಕೊಳ್ಳುವ ತೊಟ್ಟಿ ಅದು. ಚಿಕ್ಕದಾದರೆ ನಡುವೆ ಬರಿದಾಗಿ ದನಿ ಮುಗ್ಗರಿಸುತ್ತದೆ. ದೊಡ್ಡದು ಮಾಡಿದಳು. ಹಳೆಯ ತಾತ್ಕಾಲಿಕ ಕಡತಗಳನ್ನು ಅಳಿಸಿದಳು, ಸ್ಪೀಕರ್ ನಡೆಸುವ ಡ್ರೈವರ್ ತಂತ್ರಾಂಶ ತೆಗೆದು ಮತ್ತೆ ಹಾಕಿದಳು. ಕೊನೆಗೆ ಪಕ್ಕದ ಕೋಣೆಯ ಹೊಚ್ಚ ಹೊಸ ಕಂಪ್ಯೂಟರಿನಲ್ಲಿ ಹಾಡಿಸಿದಳು.

ಟಕ್.

ಅದೇ ಜಾಗ. ಯಂತ್ರದ ತೊಂದರೆಯಾಗಿದ್ದರೆ ಟಕ್ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಬರಬೇಕು. ಇದು ಒಂದೇ ಕಡೆ ಗೂಟ ಹೊಡೆದುಕೊಂಡು ಕೂತಿತ್ತು. ಎಂದರೆ ಹಾಡಿಸುವುದರಲ್ಲಿ ದೋಷವಿಲ್ಲ, ಹಾಡಿನಲ್ಲೇ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಗಲಗಲಿಯವರು ಅವಳ ಕಂಪ್ಯೂಟರನ್ನು ಬೈದಿದ್ದರು.

ಪೂರಕದಲ್ಲಿ ಮೂಲವನ್ನಷ್ಟೇ ಕೇಳಿಸುವ ಗುಂಡಿಯೇ ಇರಲಿಲ್ಲ. ತುಂಬಿದ ಮೇಲೆ ಮೂಲವನ್ನು ತೊಂಬತ್ತು ದಿನದಲ್ಲಿ ಅಳಿಸಬೇಕೆಂಬ ನಿಯಮ ಬೇರೆ. ಜಾಗ ಉಳಿಸಲು ಅಂತೆ. ಆದರೆ ದಾವಲಸಾಬರ ಶಿಷ್ಯೆ ಮೂಲ ಅಳಿಸುವವಳಲ್ಲ. ಕಾರ್ಡಿನಿಂದ ಎತ್ತಿದ ಕಚ್ಚಾ ಪ್ರತಿ ಅವಳ ಕಪಾಟಿನಲ್ಲಿತ್ತು. ಕಪಾಟಿನಡಿ ಒಂದು ಓಬೀರಾಯನ ಕಾಲದ ಲ್ಯಾಪ್‌ಟಾಪೂ ಇತ್ತು. ಅದರಲ್ಲಿದ್ದ ಹಳೆಯ ಸಂಕಲನ ತಂತ್ರಾಂಶಕ್ಕೆ ಇದ್ದದ್ದನ್ನು ಇದ್ದ ಹಾಗೆ ಹಾಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅದು ಮೊದಲಿಗೆ ದನಿಯನ್ನೇ ಕೊಡಲಿಲ್ಲ. ನೋಡಿದರೆ ಯಾವ ಕಾಲದಲ್ಲೋ ಯಾರೋ ಅದರ ಧ್ವನಿ ಟ್ರ್ಯಾಕನ್ನು ಮೂಕ ಮಾಡಿಟ್ಟಿದ್ದರು. ಬಾಯಿ ಬಿಡಿಸಿದಳು.

"ಇವತ್ತು ಮಾರ್ಚ್ ಹದಿನೇಳು, ಹೊತ್ತು ಎರಡೂ ನಲವತ್ತು, ಹೊಳೆಹಟ್ಟಿ ಅಂಗನವಾಡಿ," ಎಂದಿತು ದಾವಲಸಾಬರ ಗಂಟಲು. ಹಾಡುಗಳು ಬಂದವು. ಮೂರು ಗಂಟೆಗೆ ಪಾಳಿ ಬದಲಾಗುವ ದಿನನಿತ್ಯದ ಚಿಕ್ಕ ಸೈರನ್ ಸ್ಪಷ್ಟವಾಗಿ ಕೇಳಿತು. ಮಕ್ಕಳು ಅದನ್ನು ಅಣಕಿಸಿ ಭೋಂ ಎಂದು ಕೂಗಿದವು. ಮೂರು ನಾಲ್ಕಕ್ಕೆ ದನಿ ಹರಿದು ಚೂರಾಯಿತು. ಅಲ್ಲಿಂದ ಐದು ನಿಮಿಷ ಕಾರ್ಡು ನಿಜಕ್ಕೂ ಸತ್ತಿತ್ತು. ಮೂರು ಒಂಬತ್ತಕ್ಕೆ ದನಿ ಮತ್ತೆ ಬದುಕಿತು.

ಅಲ್ಲಿ ಏನೂ ಇರಲಿಲ್ಲ. ಒಂದು ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಯಾವುದೋ ಮಗು ಮೂಗಿನಲ್ಲಿ ನಗು ತಡೆದುಕೊಳ್ಳುತ್ತಿತ್ತು. ಮೂವತ್ತು ಸೆಕೆಂಡಿನ ಮೌನ. ಆಮೇಲೆ ಒಂದು ಪುಟ್ಟ ದನಿ ಗೆದ್ದ ಖುಷಿಯಲ್ಲಿ "ಮೂವತ್ತು!" ಎಂದು ಕಿರುಚಿತು. ಎಲ್ಲರೂ ಗೊಳ್ಳೆಂದು ನಕ್ಕರು. ಮುದ್ರಣ ಮುಗಿಯಿತು.

ತನುಜಾ ಮೇಜಿಗೆ ಗುದ್ದಿದಳು, ಕೈ ನೋಯುವಷ್ಟು. ಆ ಮೌನ ದಾವಲಸಾಬರ ಪದ್ಧತಿ. ಪ್ರತಿ ಮುದ್ರಣದ ಕೊನೆಗೆ ಮೂವತ್ತು ಸೆಕೆಂಡು ಬರೀ ಕೋಣೆಯನ್ನು ಮುದ್ರಿಸುತ್ತಿದ್ದರು. 'ಕ್ವಾಣಿ ಉಸರು', ಕೋಣೆಯ ಉಸಿರು, ಎನ್ನುತ್ತಿದ್ದರು ಅದಕ್ಕೆ. ಮುಂದೆ ಕತ್ತರಿಸಿ ಜೋಡಿಸುವಾಗ ಬೇಕಾಗುತ್ತದೆ, ಕಸುಬು ಬಲ್ಲವರೆಲ್ಲ ಮಾಡುತ್ತಾರೆ. ಹತ್ತೊಂಬತ್ತು ಮಕ್ಕಳನ್ನು ಸುಮ್ಮನಿರಿಸಲು ಶಶಿಕಲಾ ಅಕ್ಕೋರು ಅದನ್ನು ಆಟ ಮಾಡಿದ್ದರು: ಮೂವತ್ತು ಎಣಿಸುವ ತನಕ ಯಾರೂ ಪಿಟ್ಟೆನ್ನಬಾರದು. ಉಗ್ರಾಣದ ಪುಸ್ತಕದ ಪ್ರಕಾರ ಎಡೆಬಿಡದೆ ಸೈರನ್ ಕೂಗುತ್ತಿದ್ದ ಹೊತ್ತಿನ ನಟ್ಟನಡುವೆ ಆ ಮಕ್ಕಳು ಫ್ಯಾನಿನ ಸದ್ದು ಕೇಳುತ್ತ ಕೂತಿದ್ದವು. ಪುರಭವನದ ಜನ ಅತ್ತದ್ದು ಒಂದು ಮಗು ಆಟ ಗೆದ್ದು ಕಿರುಚಿದ್ದಕ್ಕೆ.

ಎರಡೂ ಪ್ರತಿಗಳ ಅಲೆಗಳನ್ನು ಒಂದರ ಕೆಳಗೊಂದು ಇಟ್ಟಾಗ ಟಕ್ ಸಿಕ್ಕಿತು. ಸತ್ತ ಐದು ನಿಮಿಷಕ್ಕೆ ಪೂರಕ ತಾನೇ ಒಂದು ಫ್ಯಾನನ್ನು ತಿರುಗಿಸಿತ್ತು. ನಿಜವಾದ ಫ್ಯಾನು ಶುರುವಾಗುವ ಕಡೆ ಎರಡರ ಕಿರ್ ಕಿರ್ ತಾಳ ತಪ್ಪಿತ್ತು. ಹೊಲಿಗೆ ಬಿಟ್ಟದ್ದು ಅಲ್ಲಿ. ಮುಂದಿನ ಮೌನದ ಮೇಲೆ ಅದು ಸೈರನ್ನನ್ನು ಹೊದಿಸಿಬಿಟ್ಟಿತ್ತು. ಅದರಡಿ 'ಮೂವತ್ತು' ಎಂಬ ಮಾತೂ ಮಕ್ಕಳ ನಗುವೂ ಮುಚ್ಚಿಹೋಗಿ ಬರೀ ಚೀರು ಉಳಿದಿತ್ತು.

ಆದರೆ ಸೈರನ್ನೇ ಯಾಕೆ? ಅವಳು ಪೂರಕಕ್ಕೆ ಕೊಟ್ಟ ಅರ್ಜಿ ನಮೂನೆ ತೆರೆದಳು. 'ಸಂದರ್ಭ ದಾಖಲೆ' ಎಂಬ ಅಂಕಣದಲ್ಲಿ 2039ರ ತನಿಖಾ ವರದಿ ಇತ್ತು. ಅದನ್ನು ಲಗತ್ತಿಸಿದ್ದವಳು ಅವಳೇ. ಯಾವ ಅಂಕಣವನ್ನೂ ಖಾಲಿ ಬಿಡತಕ್ಕದ್ದಲ್ಲ ಎಂಬುದು ನಮ್ಮ ಕಚೇರಿಗಳ ವೇದವಾಕ್ಯ. ಖಾಲಿ ಬಿಟ್ಟರೆ ಅರ್ಜಿ ವಾಪಸು. ಆ ದಿನದ ಬಗ್ಗೆ ಸಿಕ್ಕ ಒಂದೇ ಕಾಗದವೆಂದು ಅವಳು ವರದಿಯನ್ನು ತುರುಕಿದ್ದಳು. ಯಂತ್ರ ಅದನ್ನು ಓದಿ, ಸೈರನ್ ಕೂಗಿತು ಎಂದು ತಿಳಿದು, ಕೂಗಿಸಿತು. ಆ ಕೂಗು ಈಗ ವರದಿಗೇ ಸಾಕ್ಷಿ. ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸಿತು.

ಮಧ್ಯಾಹ್ನ ಪ್ರವಾಸಿ ಮಂದಿರದಲ್ಲಿ ಗಲಗಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ತನುಜಾ ಲ್ಯಾಪ್‌ಟಾಪನ್ನು ತಾಟಿನ ಪಕ್ಕಕ್ಕೇ ಇಟ್ಟು ಎರಡೂ ಪ್ರತಿ ಕೇಳಿಸಿದಳು. ಅವರ ಮುಖ ಬಿಳಿಚಿಕೊಂಡಿತು. ದಡ್ಡರೇನಲ್ಲ, ಕೂಡಲೇ ಅರ್ಥವಾಯಿತು.

"ಸರ್, ಚಲೋ ಇದ್ದ ಜಾಗಾದ ಮ್ಯಾಲೆ ಯಾಕ ಬಳೀತು ಇದು?"

"ಮನುಷ್ಯರು ಇರೋ ಕೋಣ್ಯಾಗ ಹತ್ತು ಸೆಕೆಂಡಿಗಿಂತ ಹೆಚ್ಚು ಮೌನ ಇದ್ರ ಅದನ್ನ ನಷ್ಟ ಅಂತ ತಿಳೀತದ ಪೂರಕ," ಎಂದರು ಗಲಗಲಿ. "ಅದರಾಗೂ ಅಂಗನವಾಡಿ. ಹತ್ತೊಂಬತ್ತು ಮಕ್ಕಳು ಮೂವತ್ತು ಸೆಕೆಂಡು ಸುಮ್ಮನ ಕೂಡೋದು ಲೆಕ್ಕದ ಪ್ರಕಾರ ಸಾಧ್ಯನ ಇಲ್ಲ."

"ನಿಮ್ಮ ಲೆಕ್ಕಕ್ಕ ನಮ್ಮ ಅಕ್ಕೋರು ಗೊತ್ತಿಲ್ಲ."

"ಲಕ್ಷಕ್ಕ ಒಂದ ಸಲ ಹಿಂಗಾಗಬಹುದು, ತನುಜಾ ಅವರ."

"ಆ ಒಂದ ಸಲದಾಗ ಒಬ್ಬಾಕಿ ಜೀವ ಐತ್ರಿ!"

ಗಲಗಲಿ ಕಿಟಕಿಯ ಕಡೆ ನೋಡಿದರು. ದನಿ ತಗ್ಗಿಸಿ ಹೇಳಿದರು: "ನೋಡ್ರಿ, ದೇಶದ ತುಂಬ ಇದನ್ನ ನಂಬ್ಯಾರ. ಒಂದ ಟಕ್ ಸಲುವಾಗಿ ಎಲ್ಲಾನೂ ಬೀದಿಗೆ ತರೋದೇನು? ಆ ಹೊಲಿಗಿ ನಾನು ನುಣುಪು ಮಾಡಿ ಕೊಡ್ತೀನಿ. ಸೈರನ್ ದನಿ ಬೇಕಾದ್ರ ಒಂದಿಷ್ಟು ತಗ್ಗಸೋಣ. ಆಕಿಗೆ ಕೇಳಿಸಿರಲಿಕ್ಕಿಲ್ಲ ಅಂತ ಸಂಶಯದ ಲಾಭ ಸಿಗ್ತದ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ತನುಜಾಳ ಸಿಟ್ಟು ನೆತ್ತಿಗೇರಿತು.

"ತಗ್ಗಸೂದ? ಕೂಗದs ಇದ್ದದ್ದನ್ನ ಸಣ್ಣಗ ಕೂಗಿತ್ತು ಅನ್ನೂದ? ನಿಮಗ ಮರ್ಯಾದಿ ಅನ್ನೂದು ಐತೇನ್ರಿ? ಆಕಿ ಕಿವುಡಿ ಅಂತ ಬರದ ಬಿಡ್ತೀರಿ, ಕೊಳವಿ ಒಡದ ಮ್ಯಾಲೂ ಸೈರನ್ ಒತ್ತದs ಕುಂತಾಂವ ಆರಾಮ ಇರ್ತಾನ! ಸರ್, ನೀವು ತಪ್ಪ ಮಾಡೀರಿ, ನಾನೂ ಮಾಡೀನಿ. ನಾ ಗುರುವಾರ ಹೇಳಾಕಿ. ನೀವು ಹೇಳದಿದ್ರ ನಿಮ್ಮ ಹೆಸರೂ ಹೇಳಾಕಿ."

ಲ್ಯಾಪ್‌ಟಾಪು ಎತ್ತಿಕೊಂಡು ಹೊರಬಂದಳು.

ಗುರುವಾರ ಪುರಭವನ ಕಿಕ್ಕಿರಿದಿತ್ತು. ಶುದ್ಧ ಪ್ರತಿ ಎಲ್ಲಿ ಎಂದು ಅಧ್ಯಕ್ಷೆ ಕೇಳಿದಾಗ ತನುಜಾ ಎದ್ದು, ಮೊದಲು ತನ್ನ ತಪ್ಪನ್ನು ಹೇಳಿದಳು. ನಮೂನೆಯ ಅಂಕಣ, ತಾನು ತುರುಕಿದ ವರದಿ, ಯಂತ್ರ ಮಾಡಿದ ಕೆಲಸ, ಯಾವುದನ್ನೂ ಬಿಡಲಿಲ್ಲ. ಎರಡು ಫ್ಯಾನುಗಳ ತಾಳವನ್ನು ಪರದೆಯ ಮೇಲೆ ತೋರಿಸಿದಳು. ಮೂರು ಗಂಟೆಯ ಪಾಳಿ ಸೈರನ್ನಿನಿಂದ ಮೌನದ ತನಕ ಒಂಬತ್ತು ನಿಮಿಷವೆಂದು ಅಂಕಿಗಳನ್ನೇ ಎಣಿಸಿ ತೋರಿಸಿದಳು. ಉಗ್ರಾಣದ ವಕೀಲರು ಎದ್ದು, ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಡಿಸಿದ್ದು ಸಾಕ್ಷಿಯಾಗದು, ಅದರಲ್ಲೇ ಪ್ಲೇಬ್ಯಾಕ್ ದೋಷವಿರಬಹುದು ಎಂದರು. ಆಗ ಗಲಗಲಿ ತಾವಾಗಿ ಎದ್ದರು.

"ದೋಷ ಅದರಾಗ ಇಲ್ಲ," ಎಂದರು. "ನನ್ನದರಾಗ ಅದ."

ತನುಜಾ ಗುಂಡಿ ಒತ್ತಿದಳು. ಫ್ಯಾನು ಕಿರ್ ಕಿರ್ ಎಂದಿತು. ಕಳೆದ ಸಲ ಗದರಿದ್ದ ಗಂಡಸು ತಲೆ ತಗ್ಗಿಸಿ ಕೂತಿದ್ದ. ಶಶಿಕಲಾರ ತುಟಿ ಅಲುಗುತ್ತಿತ್ತು: ಇಪ್ಪತ್ತೆಂಟು, ಇಪ್ಪತ್ತೊಂಬತ್ತು. "ಮೂವತ್ತು!" ಎಂದು ಮಗು ಕಿರುಚಿತು, ಎಲ್ಲ ಮಕ್ಕಳೂ ನಕ್ಕವು.

ಅಧ್ಯಕ್ಷೆ ಗಲಗಲಿಯವರತ್ತ ತಿರುಗಿದರು.

"ಎಂಟು ವರ್ಷದಲ್ಲಿ ಇದು ಎಷ್ಟು ಮುದ್ರಣಗಳನ್ನು ತುಂಬಿದೆ, ಡಾಕ್ಟರೇ?"

"ಸುಮಾರು ನಲವತ್ತು ಲಕ್ಷ ತಾಸು."

"ಮೂಲಗಳು ಇವೆಯೆ?"

"ಬಹಳ ಕಡೆ ಅಳಿಸ್ಯಾರ."

"ಅವುಗಳಲ್ಲಿ ಎಷ್ಟು ಮೌನ ನಿಜವಾದದ್ದಾಗಿತ್ತು?"

"ಗೊತ್ತಿಲ್ಲ ಮೇಡಂ. ಇನ್ನ ಗೊತ್ತಾಗೂದೂ ಇಲ್ಲ."

ಆ ಹತ್ತು ಸೆಕೆಂಡಿನ ನಿಯಮವನ್ನು ಗಲಗಲಿ ಕೂಡ ಬರೆದಿರಲಿಲ್ಲ ಎಂಬುದು ಆಯೋಗದ ವರದಿಯಲ್ಲಿ ಮುಂದೆ ಹೊರಬಿತ್ತು. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಫೋನಿನ ಮಾತನ್ನು ಚೊಕ್ಕ ಮಾಡಲೆಂದು ಯಾರೋ ಬರೆದ ಒಂದು ಸಾಲು ಅದು. ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಪೂರಕದ ಹೊಟ್ಟೆ ಸೇರಿತ್ತು. ಆ ಕಾಲದ ಜನ ತಮ್ಮ ಫೋಟೊ, ತಮ್ಮ ದನಿ, ತಮ್ಮ ಪತ್ರ ಎಲ್ಲದರ ಕೆಳಗೂ 'ಸುಧಾರಿಸು' ಎಂಬ ಗುಂಡಿ ಕಂಡರೆ ಸಾಕು, ಒತ್ತುತ್ತಿದ್ದರಂತೆ. ಏನನ್ನು ತೆಗೆಯುತ್ತದೆ, ಏನನ್ನು ತುಂಬುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಆ ಸಾಲು ಬರೆದವರಿಗೆ ಒಂದು ಬೈಗುಳ ಬಿದ್ದು ವಿಷಯ ಆಗಲೇ ಮುಗಿಯುತ್ತಿತ್ತು.

ಆದರೆ ಆ ಗುರುವಾರ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟತೊಡಗಿದರು. ಒಬ್ಬಳು ಎದ್ದು, "ಎಲ್ಲಾ ಆ ಮಷೀನದ ತಪ್ಪರಿ ಅಕ್ಕೋರ," ಎಂದಳು. ಹೌದು ಹೌದು ಎಂದು ಹತ್ತು ದನಿ ಕೂಡಿದವು. ಶಶಿಕಲಾ ಎದ್ದು ಜನರ ಕಡೆ ತಿರುಗಿದರು. ಅವರು ಅಳುತ್ತಿರಲಿಲ್ಲ. ಅವರ ಕಣ್ಣು ಕೆಂಡವಾಗಿದ್ದವು.

"ಮಷೀನ ಬಂದಿದ್ದು ಮೊನ್ನೆ," ಎಂದರು. "ಇಪ್ಪತ್ತೆರಡ ವರ್ಷ ನಾ ಕೂಗಲಿಲ್ಲ ಅಂದೆ. ಆವಾಗ ನಿಮ್ಮ ಕಿವ್ಯಾಗ ಸೈರನ್ ತುಂಬಿದವರು ಯಾರು? ನೀವೂ ಇದs ಊರಾಗ ಇದ್ರಿ. ನಿಮಗ ಯಾರಿಗೂ ಕೇಳಿಸಿರಲಿಲ್ಲ. ಒಬ್ಬರರೆ ಹೇಳಿದ್ರೇನು?"

ಚಪ್ಪಾಳೆ ನಿಂತಿತು.

"ತನೂ, ಇನ್ನೊಮ್ಮೆ ಹಚ್ಚು ಅದನ್ನ," ಎಂದರು ಶಶಿಕಲಾ, ಜನರಿಂದ ಕಣ್ಣು ತೆಗೆಯದೆ. "ಎಲ್ಲಾರೂ ಕೂಡ್ರಿ. ಮೂವತ್ತು ಎಣಸೂ ತನಕ ಒಬ್ಬರೂ ಮಾತಾಡಬಾರದು."